ಮನೆ ನೋಡಲು ಬಂದ ದಳವಾಯಿ

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆಯೊಂದನ್ನು ಬರೀ ಬೈದು ವಾಪಸ್ ಕಳಿಸಿದವನು ನಾನು. ಹೋಗುವಾಗ ಅದು ಎರಡು ಸಲ ತಿರುಗಿ ನೋಡಿತು, ಇನ್ನೇನಾದರೂ ಹೇಳುವುದು ಬಾಕಿ ಇದೆಯೇ ಎಂದು. ಹುಣಸೂರಿನ ಸಂತೆಯಲ್ಲಿ ಹಗ್ಗ ಕಿತ್ತುಕೊಂಡು ನುಗ್ಗಿದ ಹೋರಿ ನನ್ನ ಮೀಸೆ ನೋಡಿ, ತಾನಾಗಿಯೇ ಹೋಗಿ ಗೂಟದ ಪಕ್ಕ ನಿಂತುಕೊಂಡಿತು. ಅದನ್ನು ಕಣ್ಣಾರೆ ಕಂಡವರು ನಾನೂರು ಜನ ಇದ್ದರು. ಅವರಲ್ಲಿ ಮುನ್ನೂರ ತೊಂಬತ್ತು ಜನ ಈಗ ಇಲ್ಲ, ಉಳಿದವರಿಗೆ ಮರೆವು. ಇಂಥ ನನ್ನನ್ನು ಹದಿನಾಲ್ಕು ಕೇಜಿಯ ಒಂದು ನಾಯಿ ಏನು ಮಾಡಿತು ಎಂದು ಹೇಳುತ್ತೇನೆ. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಹೆಚ್ಚು ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ.

ನಾನು ಹೊಸ ಅಗ್ರಹಾರದ ಗೋವಿಂದಯ್ಯ. ಕೆ.ಆರ್. ನಗರ ತಾಲ್ಲೂಕಿನಲ್ಲಿ ನನ್ನನ್ನು ಅರಿಯದವರಿಲ್ಲ. ಅರಿಯೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ನನ್ನ ಅಕ್ಕ ಪುಟ್ಟತಾಯಮ್ಮನನ್ನು ಚುಂಚನಕಟ್ಟೆ ಪಕ್ಕದ ಹಳ್ಳಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ ಅವಳ ಒಬ್ಬನೇ ಮಗ ಶರತ್‌ನ ಮದುವೆ, ಸೋದರಮಾವನಾದ ನನ್ನ ತಲೆಯ ಮೇಲೆ ಬಿತ್ತು. ಹುಡುಗ ಚಿನ್ನ. ಭತ್ತ ಬೆಳೆಯುತ್ತಾನೆ, ಎರಡು ಹಸು ಕಟ್ಟಿದ್ದಾನೆ, ಮಾತು ಕಡಿಮೆ. ಆದರೂ ಮೂವತ್ತಾರು ತುಂಬಿತ್ತು. ಬಂದ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ಹೋಗಿದ್ದವು. ಬೇಸಾಯ ಮಾಡುವ ಗಂಡಿಗೆ ಹೆಣ್ಣು ಕೊಡುವುದಿಲ್ಲ ಎನ್ನುವುದು ಈಗ ಎಲ್ಲ ಕಡೆಯ ಮಾತು. ನಾನೂ ಹಾಗೆಯೇ ಹೇಳಿಕೊಂಡು ತಿರುಗುತ್ತಿದ್ದೆ.

ಹೀಗಿರುವಾಗ ರಾವಂದೂರಿನ ಕಡೆಯ ಅನುಶ್ರೀಯ ಸಂಬಂಧ ಕೂಡಿಬಂತು. ಅವಳು ಅವರೂರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನವರ ಹಾಲಿಗೆ ಡಿಗ್ರಿ ಹಾಕುವ ಹುಡುಗಿ. ಹಾಲಿಗೆ ನೀರು ಬೆರೆಸಿದವರ ಮುಖವನ್ನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಗುರುತಿಸುತ್ತಾಳೆ ಎಂದು ಹೆಸರು. ತಂದೆ ತಾಯಿ ಇಬ್ಬರೂ ಇಲ್ಲ. ಅಣ್ಣ ನಂಜಣ್ಣ ಗೂಡ್ಸ್ ಆಟೋ ಓಡಿಸುತ್ತಾನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದರು. ಶರತ್ ನೆಲ ನೋಡಿದ, ಅವಳು ಶರತ್‌ನನ್ನು ನೋಡಿದಳು. ಇಬ್ಬರಿಗೂ ಒಪ್ಪಿಗೆ. ಇನ್ನು ಉಳಿದದ್ದು ಮನೆ ನೋಡುವ ಶಾಸ್ತ್ರ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದಾಗ ನೀರು ಕುಡಿಯಬಹುದು, ಎಲೆ ಅಡಿಕೆ ಹಾಕಬಹುದು. ಅನ್ನ ಮುಟ್ಟುವುದಿಲ್ಲ. ಉಂಡರೆ ಸಂಬಂಧ ಒಪ್ಪಿದಂತೆ. ಉಣ್ಣದೆ ಎದ್ದರೆ ಯಾರೂ ಏನೂ ಹೇಳುವ ಅಗತ್ಯವಿಲ್ಲ.

ನಂಜಣ್ಣ ಒಬ್ಬನೇ ಬಂದು ಮನೆ ನೋಡಿದ. ಹಿತ್ತಿಲು ನೋಡಿದ, ಹಸು ನೋಡಿದ, ಬೋರ್‌ವೆಲ್ ನೋಡಿದ. ನೀರು ಕುಡಿದು ಎದ್ದು ನಿಂತ.

"ಯಾಕಪ್ಪ, ಉಣ್ಣಕಿಲ್ವಾ?" ಎಂದಳು ಅಕ್ಕ, ಮುಖ ಬಾಡಿಸಿಕೊಂಡು.

"ನಾನೇನೋ ಈಗ್ಲೇ ಉಣ್ತಿದ್ದೆ ಕಣವ್ವ. ಆದ್ರೆ ನಮ್ ಕಡೆಯಿಂದ ಇನ್ನೊಬ್ರು ನೋಡ್ಬೇಕು."

"ಯಾರು, ದೊಡ್ಡೋರಾ?"

"ನಾಯಿ," ಎಂದ ನಂಜಣ್ಣ.

ಅನುಶ್ರೀ ಫೋನಿನಲ್ಲಿ ವಿವರಿಸಿದಳು. ನಾಯಿಯ ಹೆಸರು ದಳವಾಯಿ. ಮರಿಯಾಗಿದ್ದಾಗ, ಹಬ್ಬದ ಪಟಾಕಿಗೆ ಹೆದರಿ ಡೈರಿಯ ಚರಂಡಿಯಲ್ಲಿ ಎರಡು ದಿನ ಅವಿತಿದ್ದದ್ದನ್ನು ಎತ್ತಿ ತಂದಿದ್ದಳು. ಹೆಸರಿನ ಬಲದಿಂದಾದರೂ ಧೈರ್ಯ ಬರಲಿ ಎಂದು ಹಾಗೆ ಕರೆದಳು. ಬರಲಿಲ್ಲ. ಅದು ಕೊಡೆಗೆ ಹೆದರುತ್ತದೆ, ಟವೆಲ್ ಕೊಡವಿದರೆ ಹೆದರುತ್ತದೆ, ಪಾತ್ರೆಯ ಮುಚ್ಚಳಕ್ಕೆ, ಮೀಸೆಗೆ, ಹೊಸ ಚಪ್ಪಲಿಗೆ ಹೆದರುತ್ತದೆ. ನಾಲ್ಕು ಜನ ಒಟ್ಟಿಗೆ ಕಂಡರೆ ಅದಕ್ಕೆ ಕಣ್ಣು ಕತ್ತಲೆ. ಹೆದರಿದರೆ ಉಣ್ಣುವುದಿಲ್ಲ.

"ನಿಮ್ಮಣ್ಣನ ಮನೇಲೇ ಬುಟ್ಬುಡಿ ತಾಯಿ," ಎಂದೆ ನಾನು.

"ನಾಲ್ಕ್ ದಿನ ಮೈಸೂರಿಗೆ ಟ್ರೈನಿಂಗ್ ಹೋಗಿದ್ದೆ. ನಾಲ್ಕ್ ದಿನಾನೂ ಉಪವಾಸ ಇದ್ದ. ಬಿಟ್ಟು ಬರಕ್ಕಾಗಲ್ಲ, ಯಜಮಾನ್ರೆ. ಅವ್ನು ನಿಮ್ಮನೇಲಿ ಒಂದ್ ಹೊತ್ತು ತಾನಾಗೇ ಉಂಡ್ರೆ ನಾನು ಬತ್ತೀನಿ. ಇಲ್ದಿದ್ರೆ ಇಲ್ಲ."

ಆಷಾಢಕ್ಕೆ ನಾಲ್ಕು ಭಾನುವಾರ ಬಾಕಿ ಇತ್ತು. ಆಷಾಢ ಹುಟ್ಟಿದರೆ ಮಾತುಕತೆ ನಿಲ್ಲುತ್ತದೆ. ಆಮೇಲೆ ಬೇರೆ ಕಡೆ ನೋಡುತ್ತೇವೆ ಎಂದು ನಂಜಣ್ಣ ಮೆತ್ತಗೆ ಹೇಳಿದ್ದ.  ಅವತ್ತು ಸಂಜೆ ಶರತ್ ಅಂಗಳದಲ್ಲಿ ಒಣಗಲು ಹಾಕಿದ್ದ ಟವೆಲನ್ನು ಕೊಡವದೆ, ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು ಒಳಗೆ ಹೋದದ್ದನ್ನು ನಾನು ಕಂಡೆ.

"ಬುಡಕ್ಕ," ಎಂದೆ ನಾನು. "ಆನೆ ಪಳಗಿಸ್ದೋನ್ಗೆ ನಾಯಿ ಯಾವ ಲೆಕ್ಕ."

ಮೊದಲ ಭಾನುವಾರದ ಏರ್ಪಾಡು ಪೂರ್ತಿ ನನ್ನದು. ನಂಟರು ಬಂದರೆ ಹೇಗೋ ಹಾಗೆ ಮಾಡಬೇಕೆಂದು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದೆ. ಜಗಲಿಗೆ ಜಮಖಾನ ಹಾಸಿಸಿದೆ. ಊರಿನವರಿಗೆಲ್ಲ ಹೇಳಿಕಳಿಸಿದೆ, ಎರಡು ಸಾವಿರ ಜನ ಸೇರಿದರು. ಅಕ್ಕನ ಊರಿನಲ್ಲಿರುವುದು ಆರುನೂರೇ ಜನ, ಆದರೂ ಎರಡು ಸಾವಿರ ಸೇರಿದರು. ಒಂಬತ್ತೂವರೆಗೆ ಬೆಳಿಗ್ಗೆಯ ಹಾಲು ಮುಗಿಸಿಕೊಂಡು ಆಟೋ ಬಂತು. ಹಿಂದೆ ಗೋಣಿಚೀಲದ ಮೇಲೆ ಅನುಶ್ರೀ, ಅವಳ ಮಗ್ಗುಲಲ್ಲಿ ಕಂದು ಬಣ್ಣದ ಒಂದು ಮುದ್ದೆ. ಮುದ್ದೆಗೆ ಎರಡು ಕಣ್ಣಿದ್ದವು.

ಅಕ್ಕ ಆರತಿ ತಟ್ಟೆ ಹಿಡಿದು ಮುಂದೆ ಬಂದಳು. ತಟ್ಟೆಯಲ್ಲಿ ದೀಪ ಉರಿಯುತ್ತಿತ್ತು. ಜನ "ಓ" ಎಂದರು. ನಾನು, ಮನೆಯ ಹಿರಿಯನಾಗಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಬರಬೇಕು, ಬರಬೇಕು!" ಎಂದು ಸ್ವಾಗತಿಸಿದೆ. ನನ್ನ ಧ್ವನಿ ಚುಂಚನಕಟ್ಟೆಯ ಅಣೆಕಟ್ಟೆಗೆ ಬಡಿದು ವಾಪಸ್ ಬಂತು.

ದಳವಾಯಿ ಆಟೋದ ಕೆಳಗೆ ಸೇರಿಕೊಂಡಿತು. ಅಲ್ಲಿಂದ ಮೂರು ಗಂಟೆಯವರೆಗೆ ಬರಲಿಲ್ಲ.

ಉಪಚಾರದಲ್ಲಿ ನಾವೇನೂ ಕಡಿಮೆ ಮಾಡಲಿಲ್ಲ. ಅಕ್ಕ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ಉಣ್ಣು ಮಗ, ನಾಚ್ಕಬೇಡ, ಒಂದೇ ಒಂದು ತುತ್ತು, ನನ್ನಾಣೆ," ಎಂದು ಮುದ್ದೆ ಮುರಿದು ಒಳಕ್ಕೆ ತಳ್ಳುತ್ತಲೇ ಇದ್ದಳು. ಬೇಡ ಎಂದವರಿಗೆ ಇನ್ನೂ ಮೂರು ಸಲ ಬಡಿಸುವುದು ನಮ್ಮ ಮನೆತನದ ಮರ್ಯಾದೆ. ಅತ್ತ ಕಡೆಯಿಂದ ಪಕ್ಕದ ಮನೆಯವರು ಬಾಳೆಹಣ್ಣು ತಳ್ಳಿದರು. ಯಾರೋ ಮೈಸೂರು ಪಾಕ್ ತಂದರು. ಕೊನೆಗೆ ನಾನೇ ನೆಲಕ್ಕೆ ಮಲಗಿ, ಆಟೋದ ಕೆಳಗೆ ತಲೆ ತೂರಿಸಿ, ಮುಖಕ್ಕೆ ಮುಖ ಕೊಟ್ಟು, ಹೋರಿಗೆ ಕೊಟ್ಟ ನೋಟವನ್ನೇ ಕೊಟ್ಟೆ.

ನಾಯಿ ನನ್ನ ಮೀಸೆಯನ್ನು ನೋಡಿತು. ಆಮೇಲೆ ನೆಲ ಒದ್ದೆಯಾಯಿತು. ಅದರ ಸ್ವಲ್ಪ ಭಾಗ ನನ್ನ ಕಡೆಗೂ ಹರಿದು ಬಂತು.

"ಸಂಜೆ ಹಾಲಿಗೆ ಹೊತ್ತಾಯ್ತು," ಎಂದಳು ಅನುಶ್ರೀ. ಅವಳು ಹೊರಗೆ ಕೋಪ ತೋರಿಸಲಿಲ್ಲ. ಹಾಲಿಗೆ ಡಿಗ್ರಿ ಹಾಕುವಾಗ ಹೇಗೋ ಹಾಗಿದ್ದಳು. ಹೊರಡುವ ಮುಂಚೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದಳು: "ಮುಂದಿನ ವಾರ ಜನ ಬೇಡ. ಅವ್ನನ್ನ ಯಾರೂ ನೋಡ್ಬೇಡಿ. ಕರೀಬೇಡಿ. ಕೈ ಚಾಚ್ಬೇಡಿ. ಊಟ ಇಟ್ಬಿಟ್ಟು ಬೆನ್ನು ತಿರುಗ್ಸಿ ಕೂತ್ಕೊಳಿ. ಬರೋದಾದ್ರೆ ತಾನೇ ಬತ್ತಾನೆ."

ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. "ಮನೆಗ್ ಬಂದ ನಂಟ್ರಿಗೆ ಬೆನ್ನು ತೋರ್ಸದಾ? ನಮ್ಮತ್ತೆ ಇದ್ದಿದ್ರೆ ನನ್ನ ತವರಿಗೆ ಅಟ್ಟಿರೋರು."

"ಅವ್ವ, ಅದು ನಾಯಿ," ಎಂದ ಶರತ್.

"ಹೆಣ್ಣಿನ್ ಕಡೆ ನಾಯಿ ಕಣ್ಲಾ!"

ಒಂದು ವಾರ ಅಭ್ಯಾಸ ಮಾಡಿಸಿದೆ. ನಾಯಿ ಇಲ್ಲದ್ದರಿಂದ ಶರತ್‌ನನ್ನೇ ನಾಯಿ ಮಾಡಿದೆ. ಅವನು ನಾಲ್ಕು ಕಾಲಿನಲ್ಲಿ ಜಗಲಿಯ ಮೂಲೆಗೆ ಹೋಗಿ ಅವಿತುಕೊಳ್ಳುವುದು. ಅಕ್ಕ ತಟ್ಟೆ ಇಟ್ಟು, ಒಂದು ಮಾತೂ ಆಡದೆ ತಿರುಗಿ ಬರುವುದು. ಅಕ್ಕ ಹನ್ನೊಂದು ಸಲ ಸೋತಳು. ತಟ್ಟೆ ಇಡುವುದು ಸರಿಯಾಗಿ ಬರುತ್ತಿತ್ತು, ಆದರೆ ತಿರುಗಿದ ಕೂಡಲೇ, "ಸಾರು ಸಾಕೇನಪ್ಪ?" ಎಂದುಬಿಡುತ್ತಿದ್ದಳು. ಈ ಅಭ್ಯಾಸವನ್ನು ದಾರಿಯಲ್ಲಿ ಹೋಗುತ್ತಿದ್ದ ಯಾರೋ ನೋಡಿದರು. ಸಂಜೆಯೊಳಗೆ ಚುಂಚನಕಟ್ಟೆಯ ಟೀ ಅಂಗಡಿಯಲ್ಲಿ ಸುದ್ದಿ: ಹೆಣ್ಣು ಸಿಗದೆ ಸಿಗದೆ ಪುಟ್ಟತಾಯಮ್ಮನ ಮಗ ನಾಲ್ಕು ಕಾಲಿನಲ್ಲಿ ಓಡಾಡುತ್ತಿದ್ದಾನೆ. ಶರತ್ ಎರಡು ದಿನ ಆ ಕಡೆ ಹೋಗಲಿಲ್ಲ. ಆದರೆ ಅಭ್ಯಾಸ ತಪ್ಪಿಸಲಿಲ್ಲ.

ಎರಡನೆಯ ಭಾನುವಾರ ನಾನು ಮೌನವಾಗಿದ್ದೆ. ನಾನು ಮೌನವಾಗಿದ್ದರೆ ಅದು ಬರೀ ಮೌನವಲ್ಲ. ಕಾವೇರಿಯ ನೀರೇ ಏನಾಯಿತೆಂದು ಒಂದು ಗಳಿಗೆ ನಿಂತು ಕೇಳಿತು. ದಳವಾಯಿ ಆಟೋದಿಂದ ಇಳಿಯಿತು. ಅಂಗಳದ ತುದಿಯವರೆಗೆ ಬಂತು. ನಾವೆಲ್ಲ ಬೆನ್ನು ತಿರುಗಿಸಿ ಉಸಿರು ಹಿಡಿದು ಕೂತಿದ್ದೆವು. ಆ ನಿಶ್ಶಬ್ದದಲ್ಲಿ ಅಡುಗೆಮನೆಯ ಒಂದು ತಟ್ಟೆಮುಚ್ಚಳ, ಯಾರೂ ಮುಟ್ಟದೆ, ಗೂಡಿನಿಂದ ಜಾರಿ ಕೆಳಗೆ ಬಿತ್ತು. ನಾಯಿ ಹುಲ್ಲಿನ ಮೆದೆಯೊಳಗೆ ತಲೆ ತೂರಿಸಿತು. ಬಾಲ ಮಾತ್ರ ಹೊರಗಿತ್ತು, ಅದೂ ಮೂರು ಗಂಟೆಯವರೆಗೆ ನಡುಗುತ್ತಿತ್ತು.

ಮೂರನೆಯ ಭಾನುವಾರ ಇನ್ನೂ ಬಿಗಿ ಮಾಡಿದೆವು. ಪಾತ್ರೆಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿಟ್ಟೆವು. ಹಸುಗಳ ಕೊರಳ ಗಂಟೆಯ ನಾಲಿಗೆಗೆ ಬಟ್ಟೆ ಕಟ್ಟಿದೆವು. ಕೋಳಿಗಳನ್ನು ಪಕ್ಕದ ಮನೆಗೆ ಕಳಿಸಿದೆವು. ಊರಿಡೀ ಮಿಕ್ಸಿ ಹಾಕಬಾರದೆಂದು ನಾನೇ ಮನೆಮನೆಗೂ ಹೋಗಿ ಹೇಳಿದೆ. ಜನ ಒಣ ಚಟ್ನಿಯಲ್ಲೇ ದಿನ ಕಳೆದರು. ಅಷ್ಟು ನಿಶ್ಶಬ್ದವಾಗಿತ್ತು. ಹನ್ನೊಂದು ಗಂಟೆಗೆ ನಂಜಣ್ಣ ಸೀನಿದ.

ನಾಯಿಯನ್ನು ಹುಡುಕಲು ನಾಲೆಯ ಏರಿಯ ಮೇಲೆ ಒಂದೂವರೆ ಮೈಲಿ ನಡೆದೆವು. ಅದನ್ನು ಮೊದಲು ಕಂಡವನು ಶರತ್. ಅವನು ಹತ್ತಿರ ಹೋಗಲಿಲ್ಲ; ಸ್ವಲ್ಪ ದೂರದಲ್ಲಿ ಏರಿಯ ಮೇಲೆ ಬೆನ್ನು ತಿರುಗಿಸಿ ಕೂತ. ಅನುಶ್ರೀ ಬಂದು ನಾಯಿಯನ್ನು ಎತ್ತಿಕೊಳ್ಳುವವರೆಗೆ ಹಾಗೆಯೇ ಕೂತಿದ್ದ. ವಾಪಸ್ ಬರುವಾಗ ಇಬ್ಬರೂ ಏನೋ ಮಾತಾಡಿಕೊಂಡು ಬಂದರು. ಏನೆಂದು ನನಗೆ ಕೇಳಿಸಲಿಲ್ಲ. ಆವತ್ತು ನಾನು ಪಿಸುಗುಡುವುದನ್ನೂ ನಿಷೇಧಿಸಿದ್ದೆ.

ಕೊನೆಯ ಭಾನುವಾರ ಬಂದಾಗ ಅಕ್ಕನ ಮುಖದಲ್ಲಿ ಕಳೆ ಇರಲಿಲ್ಲ. ಬುಧವಾರ ಆಷಾಢ. ನಾನು ಏಳುವ ಮೊದಲೇ ಅವಳು ದೇವರ ಮುಂದೆ ದೀಪ ಹಚ್ಚಿ, ಬೆಂಕಿಕಡ್ಡಿ ಗೀರಿದ ಸದ್ದಿಗೆ ತಾನೇ ಬೆಚ್ಚಿ, ಸುತ್ತ ನೋಡುತ್ತಿದ್ದಳು.

"ಗೋವಿಂದ," ಎಂದಳು. "ಒಂದ್ ಉಪ್ಕಾರ ಮಾಡು. ಕೊಟ್ಗೇಗ್ ಹೋಗಿ ಗೋಡೆ ಕಡೆ ತಿರ್ಕಂಡು ಕೂತ್ಕ. ಅವ್ರು ಹೋಗೋಗಂಟ ಬರ್ಬೇಡ. ನಿನ್ನ ಕಂಡ್ರೇ ಅದ್ಕೆ ಜೀವ ಹೋಯ್ತದೆ."

ಇಷ್ಟು ಪ್ರಸಿದ್ಧನಾದ ಮನುಷ್ಯನಿಗೆ ಕೊಟ್ಟಿಗೆ. ನಾನು ಹೋದೆ. ಮೂರು ಕಾಲಿನ ಸ್ಟೂಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತೆ. ಎಡಗಡೆ ಹಸು, ಬಲಗಡೆ ಇನ್ನೊಂದು ಹಸು. ಒಂಬತ್ತೂವರೆಗೆ ಆಟೋ ಬಂದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಹತ್ತು ನಿಮಿಷ ಸುಮ್ಮನಿದ್ದೆ. ನನ್ನ ದವಡೆಯೊಳಗೆ ಇರುವೆ ಹರಿದಂತಾಯಿತು. ವೈದ್ಯರು ಇದಕ್ಕೆ ಏನು ಹೆಸರು ಹೇಳುತ್ತಾರೋ ಗೊತ್ತಿಲ್ಲ, ಇನ್ನೈದು ನಿಮಿಷ ಹಾಗೆಯೇ ಬಿಟ್ಟಿದ್ದರೆ ನಾನು ಇವತ್ತು ಇದನ್ನು ಬರೆಯಲು ಇರುತ್ತಿರಲಿಲ್ಲ.

ಎಡಗಡೆಯ ಹಸುವಿಗೆ ಆನೆಯ ಕತೆ ಹೇಳಲು ಶುರು ಮಾಡಿದೆ. ಮೆಲ್ಲಗೆ, ಅಂಗಳಕ್ಕೆ ಕೇಳಿಸದ ಹಾಗೆ, ಒಂದೇ ಸಮನೆ. ಆನೆ ಮುಗಿಯಿತು. ಹೋರಿ ಮುಗಿಯಿತು. ಪಿರಿಯಾಪಟ್ಟಣದಲ್ಲಿ ಒಂದೇ ದಿನ ಹನ್ನೆರಡು ಮದುವೆಯಲ್ಲಿ ಊಟ ಮಾಡಿ, ಹದಿಮೂರನೆಯದಕ್ಕೆ ಬಡಿಸಲು ನಿಂತದ್ದು ಮುಗಿಯಿತು. ಹಿಂದುಗಡೆ ಹುಲ್ಲಿನಲ್ಲಿ ಏನೋ ಸರಸರ ಎಂದಿತು. ಹೆಗ್ಗಣ ಎಂದುಕೊಂಡೆ. ನೆರೆ ಬಂದಾಗ ಕಾವೇರಿಯನ್ನು ಎತ್ತಿನಗಾಡಿಯಲ್ಲಿ ದಾಟಿದ್ದು ಹೇಳಿದೆ. ಅದು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು, ನನ್ನ ಬಳಿ ಇದ್ದದ್ದೆಲ್ಲ ತೀರಿಹೋಗಿತ್ತು.

ನನ್ನ ಜೀವಮಾನದಲ್ಲಿ ಇದು ಆಗಿರಲಿಲ್ಲ. ಮೊದಲಿನಿಂದ ಮತ್ತೆ ಹೇಳಬಹುದಿತ್ತು, ಆದರೆ ಹಸು ಒಂದು ಸಲ ಕೇಳಿತ್ತಲ್ಲ. ಬೇರೆ ಏನೂ ಉಳಿದಿರಲಿಲ್ಲವಾದ್ದರಿಂದ ನಡೆದದ್ದನ್ನು ಹೇಳತೊಡಗಿದೆ.

"ನೋಡವ್ವ," ಎಂದೆ ಹಸುವಿಗೆ. "ಹುಣಸೂರಿನ ಕಡೆಯೋರು ಬಂದಿದ್ರು, ಮೊದಲ್ನೇ ಸಂಬಂಧ. ಜಮೀನೆಷ್ಟು ಅಂದ್ರು. ಹನ್ನೆರಡೆಕ್ರೆ ಅಂದೆ. ಯಾಕಂದೆ? ಬಾಯಿಗೆ ಬಂತು. ಇರೋದು ಮೂರೆಕ್ರೆ ಹತ್ತು ಗುಂಟೆ. ಅವ್ರು ವಿಚಾರಿಸ್ಕಂಡು, ಸುಳ್ಳು ಹೇಳೋರ ಮನೆ ಬ್ಯಾಡ ಅಂದ್ರು. ನಾನು ಮನೇಗ್ ಬಂದು, ಬೇಸಾಯದೋರಿಗೆ ಕೊಡಕಿಲ್ವಂತೆ ಅಂದೆ. ಪಿರಿಯಾಪಟ್ಟಣದೋರಿಗೆ ಹುಡುಗ ಗೌರ್ಮೆಂಟ್ ಕೆಲ್ಸದಲ್ಲವ್ನೆ ಅಂದೆ. ಯಾವ ಆಫೀಸು ಅಂದ್ರು. ಹೊಸ ಆಫೀಸು, ಇನ್ನೂ ಕಟ್ತಾವ್ರೆ ಅಂದೆ. ಕೋಟೆಯೋರಿಗೆ ವಯಸ್ಸು ಇಪ್ಪತ್ತೆಂಟು ಅಂದೆ. ಅವ್ರು ಮಾರ್ಕ್ಸ್ ಕಾರ್ಡ್ ಕೇಳುದ್ರು. ಒಟ್ಟು ಒಂಬತ್ತು ಬಂದೋ. ಒಂಬತ್ತ್ರಲ್ಲಿ ಎಂಟು ಹೋಗಿದ್ದು ನನ್ ನಾಲ್ಗೆಯಿಂದ. ಅಕ್ಕಂಗೆ ಗೊತ್ತಿಲ್ಲ. ಶನಿ ಕಾಟ ಅನ್ಕಂಡು ಆರು ವರ್ಸದಿಂದ ಶನಿವಾರ ಒಪ್ಪೊತ್ತು ಮಾಡ್ತಾವ್ಳೆ. ಆ ಶನಿ ನಾನೇ ಕಣವ್ವ. ಭಾನುವಾರ ಬಂದು ಅವಳ ಕೈಲೇ ಉಂಡ್ಕಂಡು ಹೋಯ್ತೀನಿ..."

ಮಾತು ನಿಂತಿತು. ಗಂಟಲಿಗೆ ಹುಲ್ಲಿನ ದೂಳು ಹೋಗಿತ್ತು.

"ನಿಲ್ಲಿಸ್ಬೇಡಿ," ಎಂದಿತು ಒಂದು ಧ್ವನಿ, ನನ್ನ ಬೆನ್ನ ಹಿಂದೆ, ಬಾಗಿಲ ಕಡೆಯಿಂದ. ಅನುಶ್ರೀಯದು. "ತಿರುಗ್ಬೇಡಿ. ಹಿಂಗೇ ಮಾತಾಡ್ತಾ ಇರಿ. ಅವ್ನು ಉಣ್ತಾವ್ನೆ."

ಆದದ್ದು ಇಷ್ಟು. ದಳವಾಯಿ ಅಂಗಳದ ನಿಶ್ಶಬ್ದಕ್ಕೆ ಹೆದರಿ, ಯಾರಿಗೂ ಕಾಣದಂತೆ ಕೊಟ್ಟಿಗೆಗೆ ನುಸುಳಿ, ಹುಲ್ಲಿನ ಮೇಲೆ ಮಲಗಿತ್ತು. ಅಡುಗೆಮನೆಯಲ್ಲಿ ಅಕ್ಕನ ಕೈಯಿಂದ ಸೌಟು ಬಿದ್ದರೂ ಕದಲಲಿಲ್ಲ. ಬಾಗಿಲ ಸಂದಿಯಿಂದ ಅನುಶ್ರೀ ನೋಡುತ್ತಿದ್ದಳು: ನನ್ನ ಮಾತು ಓಡುತ್ತಿರುವಷ್ಟು ಹೊತ್ತು ಬೇರೆ ಯಾವ ಸದ್ದೂ ಅದರ ಕಿವಿಗೆ ನಾಟುತ್ತಿರಲಿಲ್ಲ. ನಾವು ಎರಡು ವಾರ ಊರನ್ನೇ ಮೂಕವಾಗಿಸಿ, ಒಂದೊಂದು ಸದ್ದನ್ನೂ ಗುಂಡಿನಂತೆ ಮಾಡಿಟ್ಟಿದ್ದೆವು. ಅವಳು ಸನ್ನೆ ಮಾಡಿದಳು. ಶರತ್ ಹಾಲು ಕಲಸಿದ ಮುದ್ದೆಯ ತಟ್ಟೆ ಹಿಡಿದು ಹಿಂದುಹಿಂದಕ್ಕೆ ನಡೆದು ಬಂದು, ಇಟ್ಟು, ನೋಡದೆ ಹೋದ. ಅದು ಎದ್ದು ಬಂದು ತಟ್ಟೆಗೆ ಬಾಯಿ ಹಾಕಿತು. ಇಷ್ಟನ್ನೂ ಆಮೇಲೆ ಅವರು ಹೇಳಿದ್ದು. ನಾನು ಗೋಡೆ ನೋಡುತ್ತಿದ್ದೆ. ನನ್ನ ಕುಟುಂಬದ ಅತಿದೊಡ್ಡ ಘಟನೆ ನನ್ನ ಬೆನ್ನ ಹಿಂದೆ ಮೂರು ಮಾರು ದೂರದಲ್ಲಿ ನಡೆಯಿತು, ನಾನು ಕಾಣಲಿಲ್ಲ. ಆದ್ದರಿಂದ ಅದರ ಬಗ್ಗೆ ನನ್ನಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

"ಯಾವಾಗಿಂದ ನಿಂತಿದೀರಿ, ತಾಯಿ?" ಎಂದು ಗೋಡೆಯನ್ನು ಕೇಳಿದೆ, ಅದೇ ಧಾಟಿಯಲ್ಲಿ.

"ಹುಣಸೂರಿನೋರು ಬಂದಾಗಿಂದ."

"ಒಬ್ರೇನಾ?"

"ನಾನೂ ಇವ್ನಿ," ಎಂದಳು ಅಕ್ಕ.

ಅಕ್ಕನ ಬಾಯಿ ನನ್ನದಕ್ಕಿಂತ ದೊಡ್ಡದು. ನಮ್ಮ ವಂಶದಲ್ಲಿ ಅದು ಅವಳಿಗೆ ಬಂದ ಆಸ್ತಿ. ಅವಳು ಕೂಗಿದ್ದರೆ ನಾಯಿ ಕೇರಳ ಸೇರುತ್ತಿತ್ತು. ಕೂಗಲಿಲ್ಲ. ತೊಟ್ಟಿಲು ತೂಗುವ ಧಾಟಿಯಲ್ಲಿ, ಏರಿಲ್ಲದೆ ಇಳಿವಿಲ್ಲದೆ, ಹೇಳತೊಡಗಿದಳು: "ಆರು ವರ್ಸ ಕಣ್ಲಾ ಗೋವಿಂದ. ಆರು ವರ್ಸ ಶನಿವಾರ ಹಸ್ಕಂಡಿದ್ದೆ ಕಣ್ಲಾ. ನನ್ ಮಗನ್ ಜಾತ್ಕ ಹಿಡ್ಕಂಡು ನಂಜನಗೂಡ್ಗಂಟ ಹೋಗಿದ್ದೆ ಕಣ್ಲಾ. ನೀನೂ ಜೊತೇಲ್ ಬಂದಿದ್ದೆ. ಪ್ರಸಾದ ಎಲ್ಡ್ ಸಲ ಈಸ್ಕಂಡೆ. ನಾಯಿ ಉಂಡಾಗ್ಲಿ ಕಣ್ಲಾ. ಆಮೇಕೆ ಐತೆ ನಿಂಗೆ."

"ಹೇಳಕ್ಕ, ಹೇಳು," ಎಂದೆ ನಾನೂ ಅದೇ ಧಾಟಿಯಲ್ಲಿ. "ಏನ್ ಹೇಳುದ್ರೂ ಕೇಳ್ತೀನಿ. ನಿಲ್ಲಿಸ್ಬೇಡ."

ಆಗ ಶರತ್ ಮಾತಾಡಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಅವನ ಮಾತು ನನ್ನ ಕಡೆಗಲ್ಲ, ಅನುಶ್ರೀಯ ಕಡೆಗೆ. "ಇವರೇ, ನಿಮ್ ಹತ್ರ ಮಾವ ಏನೇನ್ ಹೇಳಿದಾರೋ ನಂಗೊತ್ತಿಲ್ಲ. ನಂಗೆ ಮೂವತ್ತಾರು. ಓದಿದ್ದು ಪಿಯುಸಿ, ಒಂದ್ ಸಬ್ಜೆಕ್ಟ್ ಹೋಗಿದೆ. ಗೌರ್ಮೆಂಟ್ ಕೆಲ್ಸ ಇಲ್ಲ. ಜಮೀನು ಮೂರೆಕ್ರೆ ಹತ್ತು ಗುಂಟೆ. ಈಗ್ಲೂ ಬೇಡ ಅನ್ನೋದಾದ್ರೆ ಅನ್ನಿ. ಅವ್ನು ಉಂಡಿದ್ದನ್ನ ಲೆಕ್ಕಕ್ಕಿಡ್ಬೇಡಿ."

ಎಲ್ಲರೂ ಸುಮ್ಮನಾದರು. ತಟ್ಟೆ ನೆಕ್ಕುವ ಸದ್ದು ನಿಂತಿತು. ನನಗೆ ಗೊತ್ತಾಯಿತು, ಇನ್ನೆರಡು ಉಸಿರಿನಷ್ಟು ನಿಶ್ಶಬ್ದವಾದರೆ ಎಲ್ಲವೂ ಹಾಳು. ಹೇಳಲು ನನ್ನ ಬಳಿ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ. ಬಾಯಿಗೆ ಬಂದಂತೆ ಭತ್ತದ ಒಟ್ಲು, ಅಂದರೆ ಸಸಿಮಡಿ, ಹಾಕುವ ಕ್ರಮ ಹೇಳತೊಡಗಿದೆ. ಬೀಜ ನೆನೆಹಾಕುವುದು, ಮೊಳಕೆ ಕಟ್ಟುವುದು, ಕೆಸರು ಸಮ ಮಾಡುವುದು. ತಟ್ಟೆಯ ಸದ್ದು ಮತ್ತೆ ಶುರುವಾಯಿತು.

ಅದರ ಮೇಲೆ ಅನುಶ್ರೀಯ ಧ್ವನಿ ಬಂತು, ಅದೇ ಮಟ್ಟದಲ್ಲಿ. "ಪಹಣಿ ಫೋನಲ್ಲೇ ಸಿಗುತ್ತೆ. ನಿಮ್ಮನ್ನ ನೋಡಕ್ ಬರೋ ಮುಂಚೇನೇ ತೆಗೆದ್ ನೋಡಿದ್ದೆ. ಮೂರೆಕ್ರೆ ಹನ್ನೊಂದು ಗುಂಟೆ ಇದೆ. ದೊಡ್ಡಪ್ಪ ಒಂದ್ ಗುಂಟೆ ಕಮ್ಮಿ ಹೇಳ್ತಿದಾರೆ."

ನಮ್ಮ ಕಡೆ ಗಂಡನ ಸೋದರಮಾವ ಹೆಣ್ಣಿಗೆ ದೊಡ್ಡಪ್ಪನ ಸಮ. ಅಲ್ಲಿಯವರೆಗೆ ನಾನು ಅವಳಿಗೆ ಯಜಮಾನ್ರಾಗಿದ್ದೆ. ಇದನ್ನು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ; ಕಮ್ಮಿ ಹೇಳಿದೆ ಎನ್ನುವ ಅಪವಾದ ನನ್ನ ಮೇಲೆ ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಬಂದಿತ್ತು.

"ಅಣ್ಣ," ಎಂದಳು ಅವಳು. "ಕೈ ತೊಳ್ಕಂಡ್ ಬಾ. ಉಣ್ಣಣ."

ಊಟ ಕೊಟ್ಟಿಗೆಯಲ್ಲೇ ಆಯಿತು. ಬೇರೆ ದಾರಿ ಇರಲಿಲ್ಲ: ದಳವಾಯಿ ಹುಲ್ಲಿನ ಮೇಲೆ ಮತ್ತೆ ಮಲಗಿಕೊಂಡಿತ್ತು, ನಾನು ಎದ್ದರೆ ಅದೂ ಏಳುತ್ತದೆ ಎಂದು ಅನುಶ್ರೀ ನನ್ನನ್ನು ಕದಲಲು ಬಿಡಲಿಲ್ಲ. ನಂಜಣ್ಣ ಬಾಳೆ ಎಲೆ ಕೊಯ್ದು ತಂದ. ಐದು ಜನವೂ ಗೋಡೆಗೆ ಮುಖ ಮಾಡಿ, ಒಂದೇ ಸಾಲಿನಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ ಕೂತೆವು. ಎಡಗಡೆಯ ಹಸು ನನ್ನ ಎಲೆಯ ತುದಿ ತಿಂದಿತು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಅನ್ನ, ಮಜ್ಜಿಗೆ. ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಅನ್ನ ಮುಟ್ಟಿದ್ದನ್ನು ನಮ್ಮಲ್ಲಿ ಯಾರೂ ಕಣ್ಣಿಂದ ನೋಡಲಿಲ್ಲ. ಸದ್ದಿನಿಂದ ತಿಳಿದುಕೊಂಡೆವು.

ಅಕ್ಕ ಬಡಿಸಲು ಎದ್ದು ಓಡಾಡುವಂತಿರಲಿಲ್ಲ. ಕೂತಲ್ಲಿಂದಲೇ ಸೌಟನ್ನು ಸಾಲಿನವರ ಬೆನ್ನ ಹಿಂದಿನಿಂದ ಹಾಯಿಸಿ, ಅವರ ಹೆಗಲ ಮೇಲಿಂದ ಅಂದಾಜಿನ ಮೇಲೆ ಬಡಿಸುತ್ತಿದ್ದಳು. ಅನುಶ್ರೀಯ ಎಲೆಗೆ ಬೀಳಬೇಕಾದ ಸಾರು ಎರಡು ಸಲ ನಂಜಣ್ಣನ ಮಂಡಿಗೆ ಬಿತ್ತು. "ಇನ್ನೊಂದ್ ಮುದ್ದೆ ಇಕ್ಕಸ್ಕ ಮಗ," ಎನ್ನುವುದು, ಅದರ ಬೆನ್ನಿಗೇ ಅದೇ ಉಸಿರಿನಲ್ಲಿ, "ನಿಂಗಿಲ್ಲ ಕಣ್ಲಾ ಗೋವಿಂದ," ಎನ್ನುವುದು, ಎರಡೂ ಒಂದೇ ಧಾಟಿ. ನಾನು ಒಂದೊಂದು ತುತ್ತಿನ ನಡುವೆ ಒಟ್ಲಿನಿಂದ ನಾಟಿಗೆ, ನಾಟಿಯಿಂದ ಕಳೆಗೆ ಬಂದಿದ್ದೆ. ಶರತ್ ತಲೆ ತಗ್ಗಿಸಿ ಉಣ್ಣುತ್ತಿದ್ದ. ಒಂದು ಸಲ ಮಾತ್ರ ನನ್ನನ್ನು ತಿದ್ದಿದ: "ಮಾವ, ಆ ಗೊಬ್ಬರ ಅಷ್ಟ್ ಬೇಗ ಹಾಕಲ್ಲ." ಮನಸ್ಸಿನಲ್ಲಿ ಏನಿತ್ತೋ, ಹೇಳಿದ್ದು ಅಷ್ಟೇ.

ಮಜ್ಜಿಗೆಗೆ ಬರುವ ಹೊತ್ತಿಗೆ ನನ್ನ ಬೆನ್ನಿಗೆ ಏನೋ ತಾಗಿತು. ತಣ್ಣಗಿತ್ತು, ಒದ್ದೆ ಇತ್ತು, ಒಂದು ಗಳಿಗೆ ಅಲ್ಲೇ ನಿಂತು ಹೋಯಿತು. ಅಕ್ಕನ ಸೌಟಾಗಿರಬಹುದು, ಆ ಹೊತ್ತಿನಲ್ಲಿ ಅವಳು ಎಲ್ಲಿ ಬಡಿಸುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಬೇರೆ ಯಾವುದಾದರೂ ಆಗಿರಬಹುದು. ನಾನು ತಿರುಗಿ ನೋಡಲಿಲ್ಲ. ಕೇಳಿದವರಿಗೆಲ್ಲ ಸೌಟು ಎಂದೇ ಹೇಳುತ್ತೇನೆ.